ಹಗ್ಗದ ಮೇಲೆ ಬಟ್ಟೆ ಇಲ್ಲ

ಓನೊಟೋವಾ ದ್ವೀಪ
21 ಮಾರ್ಚ್ 1993

ನಕಿಬಾಯೆ,

ನೀನು ಹತ್ತಿದ ವಿಮಾನ ಹೊರಗಡಲಿನ ಮೇಲೆ ಒಂದು ಸುತ್ತು ತಿರುಗಿ ಉತ್ತರಕ್ಕೆ ಹೋಯಿತು. ಚಿಕ್ಕವಳು ರುಟಾ ಅದು ಮರೆಯಾಗುವ ತನಕ ಕೈ ಬೀಸಿದಳು. ಮಾರೆವೆ ಬೀಸಲಿಲ್ಲ. ಹನ್ನೆರಡು ತುಂಬಿದವಳಿಗೆ ಈಗ ಅಪ್ಪನಿಗೆ ಕೈ ಬೀಸುವುದೂ ನಾಚಿಕೆ. ನಿನ್ನ ಅಮ್ಮ ತೆಂಗಿನ ನೆರಳಿನಲ್ಲಿ ಕೂತೇ ಇದ್ದರು. ಎದ್ದಾಗ ನನ್ನತ್ತ ನೋಡದೆ, "ಈ ಸಲಾನೂ ಬರಿಗೈಲಿ ಹೋದ," ಎಂದರು. ನೀನು ಹೊತ್ತ ಪೆಟ್ಟಿಗೆಗಳನ್ನು ನಾವೆಲ್ಲ ನೋಡಿದ್ದೆವು. ಅವರು ಹೇಳಿದ್ದು ಪೆಟ್ಟಿಗೆಯ ಮಾತಲ್ಲ.

ಸೂಜಿಯ ಎರಡನೆಯ ಸರದಿ ಆಯಿತು. ಗಂಡ ಊರಲ್ಲಿಲ್ಲ, ಈಗೇಕೆ ಎಂದು ಬೆರೇಟಾಳನ್ನು ಕೇಳಿದೆ. "ಹೋದ ಸಲ ಹೇಳದೆ ಕೇಳದೆ ಬಂದಿಳಿದನಲ್ಲ ನಿನ್ನ ಗಂಡ? ಹಡಗಿನೋರನ್ನ ನಂಬಿ ಸೂಜಿ ತಪ್ಪಿಸೋ ನರ್ಸ್ ನಾನಲ್ಲ ಕಣೇ," ಎಂದಳು. ರಕ್ತ ಇನ್ನೂ ನಿಂತಿಲ್ಲ. ನೀನು ಇದ್ದಾಗ ಹೋಗುತ್ತಿದ್ದಷ್ಟೇ ಹೋಗುತ್ತಿದೆ, ಒಂದು ದಿನ ಕಲೆಯಷ್ಟು, ಒಂದು ದಿನ ಹೆಚ್ಚು. ಮೈ ಒಗ್ಗುವವರೆಗೆ ಹೀಗೇ ಅಂತೆ. ಕಬ್ಬಿಣದ ಮಾತ್ರೆ ಕೊಟ್ಟಿದ್ದಾಳೆ. ನೀನು ರಜೆಯ ಅರ್ಧ ಭಾಗ ಹೊರಗಿನ ಚಾವಡಿಯಲ್ಲಿ ಮಲಗಿದ್ದು ನನಗೆ ಬೇಸರವಾಗಿಲ್ಲ. ಇದನ್ನು ಆಗಲೇ ಹೇಳಬೇಕಿತ್ತು.

ಡಿಸೆಂಬರಿನ ಆ ಮಧ್ಯಾಹ್ನ ಮತ್ತೆ ಮತ್ತೆ ನೆನಪಾಗುತ್ತದೆ. ಬೆರೇಟಾ ಚಾಪೆಯ ಮೇಲೆ ಬಸಿರು ತಡೆಯುವುದೆಲ್ಲವನ್ನೂ ಮೀನು ಮಾರುವವಳ ಹಾಗೆ ಹರಡಿದ್ದಳು: ಮಾತ್ರೆಯ ಹಾಳೆ, ಗರ್ಭದೊಳಗೆ ಇಡುವ, ದಾರ ಇಳಿಬಿಟ್ಟ ವಂಕಿ, ಗಂಡಸರ ರಬ್ಬರು, ಸೂಜಿ. ನೀನು ರಬ್ಬರನ್ನು ಬೆಳಕಿಗೆ ಹಿಡಿದು, "ಇದನ್ನ ಬಲೆ ಒಣಗಿಸೋ ಕಡೆನೇ ಒಣಗಿಸ್ಬೇಕಾ?" ಅಂದೆ. ಅವಳು, "ಅಯ್ಯೋ ಪಾಪ, ಅಷ್ಟೊಂದು ಬಂದರು ನೋಡಿದೋನು ಇದೊಂದನ್ನ ನೋಡಿಲ್ಲ," ಅಂದಳು. ಮೂವರೂ ನಕ್ಕೆವು. ಆಮೇಲೆ ಅವಳು ನಗದೆ ಹೇಳಿದಳು, ಇನ್ನೊಂದು ಹೆರಿಗೆಯಾದರೆ ಇವಳನ್ನು ಉಳಿಸಿಕೊಡುತ್ತೇನೆಂದು ನಾನು ಮಾತು ಕೊಡಲಾರೆ ಎಂದು. ನೀನು ಸೂಜಿಗೆ ಬೆರಳು ತೋರಿಸಿದೆ. ಅದು ಮನೆಯಲ್ಲಿ ಗುರುತು ಉಳಿಸುವುದಿಲ್ಲ, ಅಮ್ಮನ ಕೈಗೆ ಸಿಗುವಂಥದ್ದು ಏನೂ ಇರುವುದಿಲ್ಲ ಅಂದೆ. ನನಗೂ ಅದೇ ಸರಿಯೆನಿಸಿತು. ಹಡಗಿಗೆ ಹೋಗುವ ಮುಂಚೆ ಅಮ್ಮನಿಗೆ ನಾನೇ ಹೇಳುತ್ತೇನೆ ಎಂದೂ ನೀನು ಅಂದೆ.

ಹೇಳಿದೆಯಾ ಎಂದು ವಿಮಾನದ ಹತ್ತಿರ ಕೇಳಬೇಕೆಂದಿದ್ದೆ. ಸದ್ದು ಜೋರಾಗಿತ್ತು.

ಕಬಿರಿಯಾ


ಸಾಂಟೋಸ್
9 ಮೇ 1993

ಕಬಿರಿಯಾ,

ನಿನ್ನ ಪತ್ರ ಇಲ್ಲಿಯ ಏಜೆಂಟರ ಕಚೇರಿಯಲ್ಲಿ ನನಗಿಂತ ಮೊದಲೇ ಬಂದು ಕಾಯುತ್ತಿತ್ತು. ಕಾಫಿ ತುಂಬುತ್ತಿದ್ದೇವೆ. ಹಡಗಿನ ತುಂಬಾ ಅದರ ವಾಸನೆ, ಆದರೆ ಕುಡಿಯಲು ಕೊಡುವುದು ಡಬ್ಬಿಯ ಪುಡಿ. ನಮ್ಮ ಕಡೆಯ ಇಯೋಬಿ ನನ್ನ ಪಾಳಿಯಲ್ಲೇ ಇದ್ದಾನೆ. ಇಡೀ ದಿನ ತುಕ್ಕು ಕೆರೆಯುತ್ತೇವೆ, ಬಣ್ಣ ಹಚ್ಚುತ್ತೇವೆ. ಹಚ್ಚಿದ ಕಡೆ ಕೆಳಗಿನಿಂದ ತುಕ್ಕು ಮತ್ತೆ ಏಳುತ್ತದೆ. ಅವನು, "ಈ ಹಡಗಲ್ಲಿ ಕಬ್ಬಿಣಾನೇ ಇಲ್ಲ ಕಣೋ, ಇರೋದು ಬರೀ ಬಣ್ಣ," ಎನ್ನುತ್ತಾನೆ.

ಅಮ್ಮನಿಗೆ ಹೇಳಲಿಲ್ಲ. ಮೂರು ಸಲ ಬಾಬಾಯ್ ಗೆಡ್ಡೆ ಬೆಳೆಯುವ ಗುಂಡಿಯವರೆಗೆ ಅವಳ ಹಿಂದೆ ನಡೆದೆ. ಪ್ರತಿ ಸಲವೂ ಅವಳು ಗೆಡ್ಡೆಗೆ ಎಲೆಗೊಬ್ಬರ ತುರುಕುತ್ತಾ ಹೆರಿಗೆಯಲ್ಲಿ ಸತ್ತ ನಮ್ಮ ಗಂಡುಮಗುವಿಗೆ ಇಡಬೇಕೆಂದಿದ್ದ ಹೆಸರನ್ನು ಹೇಳುತ್ತಿದ್ದಳು. ನನ್ನ ಅಪ್ಪನ ಹೆಸರು. ಆ ಹೆಸರಿನ ಎದುರಿಗೆ ಸೂಜಿಯ ಮಾತನ್ನು ಹೇಗೆ ತರುವುದು? ಕಾಗದದಲ್ಲಿ ಬರೆದರೆ ಅದನ್ನು ಅವಳಿಗೆ ಓದಿ ಹೇಳುವವನು ಪಾದ್ರಿ. ಪಾದ್ರಿಯ ಹೆಂಡತಿ ಕೇಳಿದ್ದನ್ನು ಊರ ಸಭಾಮನೆಯ ಕಂಬಗಳೂ ಕೇಳುತ್ತವೆ. ಮುಂದಿನ ರಜೆಗೆ ಬಂದಾಗ ಬಾಯಲ್ಲೇ ಹೇಳುತ್ತೇನೆ. ಅಲ್ಲಿಯವರೆಗೆ ಏನಾಗುತ್ತದೆ? ಏನೂ ಆಗುವುದಿಲ್ಲ. ಅದು ಕಾಣುವ ವಸ್ತುವೇ ಅಲ್ಲ.

ನಾನು ಚಾವಡಿಯಲ್ಲಿ ಮಲಗಿದ್ದು ರಕ್ತದ ಕಾರಣಕ್ಕಲ್ಲ. ಯಾವ ಕಾರಣಕ್ಕೆಂದು ಸರಿಯಾಗಿ ಬರೆಯಲು ಬರುತ್ತಿಲ್ಲ.

ಮಾರೆವೆಗೆ ಒಂದು ಬಣ್ಣದ ಪೆನ್ಸಿಲ್ ಪೆಟ್ಟಿಗೆ ಕಳಿಸಿದ್ದೇನೆ. ಪತ್ರದ ಕೊನೆಗೆ ಅವಳೂ ಎರಡು ಸಾಲು ಬರೆಯಲಿ.

ನಕಿಬಾಯೆ


ಓನೊಟೋವಾ
18 ಜುಲೈ 1993

ನಕಿಬಾಯೆ,

ನಿಂತಿತು. ಮೂರನೆಯ ಸೂಜಿಯ ಮುಂಚೆಯೇ ಕಡಿಮೆಯಾಗಿತ್ತು, ಈಗ ಏನೂ ಇಲ್ಲ. ಬೆರೇಟಾ ನನ್ನ ಕಣ್ಣಿನ ಕೆಳಗಿನ ತೊಗಲನ್ನು ಎಳೆದು ನೋಡಿ, "ಕೆಂಪು ಬರ್ತಿದೆ. ನಿನ್ನಂಥೋಳಿಗೆ ಇದು ಒಳ್ಳೇದೇ, ಇದ್ದ ರಕ್ತ ಒಳಗೇ ಇರ್ಲಿ," ಎಂದಳು. ಬಾವಿಯಿಂದ ನೀರು ತಂದರೆ ಈಗ ತಲೆ ಸುತ್ತುವುದಿಲ್ಲ. ದಪ್ಪಗಾಗಿದ್ದೇನೆ. ಇಗರ್ಜಿಯ ಬಿಳಿ ರವಿಕೆ ತೋಳಿನಲ್ಲಿ ಬಿಗಿಯುತ್ತದೆ. ಕೆಲವು ದಿನ ಬೆಳಿಗ್ಗೆ ಎದ್ದಾಗ ಏನೂ ಬೇಡವೆನಿಸುತ್ತದೆ, ಹಾಡು ಕೂಡ. ಅದು ಸೂಜಿಯದೋ ಬೇರೆ ಯಾವುದರದೋ ಗೊತ್ತಿಲ್ಲ.

ನೀನು ಹೋದ ಮೇಲೆ ನಮ್ಮ ಮರಗಳ ಕಳ್ಳು ಇಳಿಸುತ್ತಿರುವವನು ನಿನ್ನ ಚಿಕ್ಕಪ್ಪನ ಮಗ ಕೈತು. ಮಕ್ಕಳಿಗೆ ಬೆಳಗಿನ ಸಿಹಿ ನೀರಾ ತಪ್ಪಿಲ್ಲ. ಮರದ ಮೇಲೆ ಕೂತು ಹಾಡುವುದು ಎಲ್ಲರ ಹಾಗೆ ಅವನಿಗೂ ರೂಢಿ. ಮೊನ್ನೆ ನಿನ್ನ ಅಮ್ಮ ಕೆಳಗಿನಿಂದ ಕೂಗಿದರು: "ಏ ಕೈತು, ನಿನ್ನ ಮುಖ ಒಳಗಡಲ ಕಡೆ ತಿರುಗ್ಸೋ. ಹಾಡೆಲ್ಲ ನಮ್ಮನೆ ಒಳಗೇ ಬೀಳ್ತಿದೆ." ಅವನು, "ಗಾಳಿ ಆ ಕಡೆಗಿದೆ ದೊಡ್ಡಮ್ಮ, ನಾನೇನ್ ಮಾಡ್ಲಿ," ಎಂದ. ಎಲ್ಲರೂ ನಕ್ಕರು. ನಿನ್ನ ಅಮ್ಮ ನಗಲಿಲ್ಲ.

ಹೋದ ಸೋಮವಾರ ಅವರು ಭಾನುವಾರದ ಉಡುಪು ಹಾಕಿಕೊಂಡು ಕೌನ್ಸಿಲಿನ ರೇಡಿಯೋ ಕೋಣೆಗೆ ಹೋಗಿ ಬಂದರು. ಯಾರಿಗೆ ಟೆಲಿಗ್ರಾಂ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಮಾರೆವೆ ಪೆನ್ಸಿಲ್ಲುಗಳನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ಏನು ಬರೆಯಲಿ ಎಂದು ಕೇಳುತ್ತಾಳೆ. ನನಗೂ ಹೇಳಲು ಬರುವುದಿಲ್ಲ. ಕೆಳಗೆ ಅವಳು ಬರೆದ ಮೀನು ಇದೆ.

ಕಬಿರಿಯಾ


ರೋಟರ್‌ಡ್ಯಾಮ್
12 ಸೆಪ್ಟೆಂಬರ್ 1993

ಕಬಿರಿಯಾ,

ಪತ್ರ ಸಿಕ್ಕಿತು. ಇಲ್ಲಿ ಮಂಜು, ಎದುರಿನ ಕ್ರೇನುಗಳ ತಲೆ ಕಾಣುವುದಿಲ್ಲ.

ಒಂದು ಮಾತು ಕೇಳುತ್ತೇನೆ. ಬೆರೇಟಾ ಆ ದಿನ ರಕ್ತ ಹೆಚ್ಚು ಹೋಗುತ್ತದೆ ಎಂದಳು. ಹಾಗೇ ಆಯಿತು, ನಾನೇ ನೋಡಿದೆ. ಪೂರ್ತಿ ನಿಲ್ಲುತ್ತದೆ ಎಂದು ಅವಳು ಹೇಳಿದ್ದು ನನಗೆ ನೆನಪಿಲ್ಲ. ನಿಲ್ಲುವುದಕ್ಕೆ ಬೇರೆ ಕಾರಣಗಳಿರುತ್ತವೆ. ನೀನು ಸೂಜಿಯನ್ನು ತಪ್ಪದೆ ಹಾಕಿಸಿಕೊಂಡೆಯಾ?

ಬರುವ ಮಾರ್ಚಿಗೆ ನನ್ನ ಒಪ್ಪಂದ ಮುಗಿಯಬೇಕಿತ್ತು. ಇನ್ನೊಂದು ಆರು ತಿಂಗಳು ಇರಲು ಸಹಿ ಮಾಡಿದ್ದೇನೆ. ಜನ ಸಾಲದು ಎಂದು ಕ್ಯಾಪ್ಟನ್ ಕೇಳಿದರು.

ಕೈತುವಿಗೆ ಹೇಳು, ಮನೆಯ ಹತ್ತಿರದ ಎರಡು ಮರಗಳನ್ನು ಬಿಟ್ಟುಬಿಡಲಿ. ಅವು ಹಳೆಯವು.

ನಕಿಬಾಯೆ


ಓನೊಟೋವಾ
14 ನವೆಂಬರ್ 1993

ನಕಿಬಾಯೆ,

ಆ ಎರಡು ಮರಗಳು ರುಟಾಳ ವಯಸ್ಸಿನವು. ನೀನೇ ನೆಟ್ಟದ್ದು.

ನಿಲ್ಲಬಹುದು ಎಂದು ಬೆರೇಟಾ ಹೇಳಿದ್ದಳು. ಅವಳು ಅದನ್ನು ಹೇಳುವ ಹೊತ್ತಿಗೆ ನೀನು ಸೇದಲು ಹೊರಗೆ ಹೋಗಿದ್ದೆ. ಬಂದವನು, "ಎಲ್ಲಾ ಮುಗೀತಾ?" ಅಂದೆ. ನಾನು ಹೂಂ ಅಂದೆ. ನಾನೂ ತಿರುಗಿ ಹೇಳಲಿಲ್ಲ.

ಆರು ತಿಂಗಳು ಹೆಚ್ಚಿಗೆ ಇರಲು ಕ್ಯಾಪ್ಟನ್ ಕೇಳಿದರು ಎಂದು ಬರೆದಿದ್ದೀಯ. ಅಷ್ಟೊಂದು ಬಂದರುಗಳಲ್ಲಿ ಯಾವುದಾದರೊಂದರಲ್ಲಿ ಯಾರೋ ಕೇಳಿರುತ್ತಾರೆ. ಅದು ಕ್ಯಾಪ್ಟನ್ನೇ ಆಗಿರಬೇಕಿಲ್ಲ. ರಜೆಯ ಅರ್ಧ ಭಾಗ ಚಾವಡಿಯಲ್ಲಿ ಮಲಗಿದವನನ್ನು ನಾನು ಹೆಚ್ಚು ಪ್ರಶ್ನಿಸುವಂತಿಲ್ಲ.

ನಿನ್ನ ಅಮ್ಮ ಕೆಲವು ತಿಂಗಳಿಂದ ನಾನು ಒಗೆದ ಬಟ್ಟೆಗಳನ್ನು ನೋಡುತ್ತಿದ್ದರು. ಅವರು ಹೊಸೆದ ನಾರಿನ ಹಗ್ಗ ನಿನಗೆ ಗೊತ್ತಲ್ಲ, ಬಾವಿಯಿಂದ ಅಡುಗೆ ಚಪ್ಪರದವರೆಗೆ ಕಟ್ಟಿರುವುದು. ತಿಂಗಳ ಬಟ್ಟೆ ಹಗ್ಗದ ಆ ತುದಿಗೆ, ಬೇಲಿಯ ಮರೆಗೆ. ಮರೆ ಎಂದರೆ ಮರೆಯೇನಲ್ಲ, ಊರ ಹೆಂಗಸರಿಗೆಲ್ಲ ಕಾಣುತ್ತದೆ. ಗಂಡ ಸಮುದ್ರದಲ್ಲಿರುವವಳ ಹಗ್ಗದ ಆ ತುದಿಯನ್ನು ಎಲ್ಲರೂ ನೋಡುತ್ತಾರೆ.

ಕಳೆದ ತಿಂಗಳಿಂದ ಅಲ್ಲಿ ಮತ್ತೆ ಬಟ್ಟೆ ಇದೆ. ನಿನಗೆ ಅಷ್ಟು ತಿಳಿದರೆ ಸಾಕು. ನಿನ್ನ ಅಮ್ಮ ಮೊನ್ನೆ ಮುನಿಸು ಬಿಟ್ಟು ಮೀನಿನ ತಲೆಯನ್ನು ನನ್ನ ತಟ್ಟೆಗೆ ಹಾಕಿದರು.

ಮಾರೆವೆ ಈ ಸಲ ಬರೆಯುವುದಿಲ್ಲವಂತೆ.

ಕಬಿರಿಯಾ


ಸಿಂಗಾಪುರ
16 ಜನವರಿ 1994

ಕಬಿರಿಯಾ,

ನಿನ್ನ ಪತ್ರವನ್ನು ಮೊದಲು ನಿಂತು ಓದಿದೆ, ಆಮೇಲೆ ಬಂಕಿನಲ್ಲಿ ಮಲಗಿ ಓದಿದೆ. ಯಾವ ಬಂದರಿನಲ್ಲೂ ಯಾರೂ ನನ್ನನ್ನು ಕೇಳಿಲ್ಲ. ಕ್ಯಾಪ್ಟನ್ನೂ ಕೇಳಿರಲಿಲ್ಲ. ಇನ್ನಷ್ಟು ಇರುತ್ತೇನೆ ಎಂದು ನಾನೇ ಹೋಗಿ ಹೇಳಿದ್ದು.

ಜುಲೈಯಲ್ಲಿ ಅಮ್ಮನ ಟೆಲಿಗ್ರಾಂ ಬಂತು. "ಹಗ್ಗದ ಮೇಲೆ ಬಟ್ಟೆ ಇಲ್ಲ. ಬಾ." ಇಷ್ಟೇ. ನಮ್ಮ ರೇಡಿಯೋ ಆಫೀಸರ್ ಜರ್ಮನಿಯವನು, ಅದರ ಅರ್ಥ ನನ್ನಿಂದಲೇ ಹೇಳಿಸಿಕೊಂಡ. "ನಿಮ್ಮ ಮನೇಲಿ ಬಟ್ಟೆಗೆ ಅಷ್ಟೊಂದು ಕಷ್ಟವಾ?" ಎಂದು ಕನಿಕರದಿಂದ ಕೇಳಿದ. ಹೌದು ಅಂದೆ. ಅವನು ತನ್ನ ಎರಡು ಹಳೆಯ ಅಂಗಿ ತಂದುಕೊಟ್ಟ. ಅವು ಇನ್ನೂ ನನ್ನ ಪೆಟ್ಟಿಗೆಯಲ್ಲಿವೆ. ಅವನ್ನು ಕಂಡಾಗಲೆಲ್ಲ ಕೈತುವಿನ ಹಾಡು ಕೇಳುತ್ತಿತ್ತು.

ನಿನ್ನನ್ನೂ ಬೆರೇಟಾಳನ್ನೂ ಬಿಟ್ಟರೆ ಸೂಜಿಯ ವಿಷಯ ಗೊತ್ತಿದ್ದವನು ನಾನೊಬ್ಬನೇ. ಗೊತ್ತಿದ್ದವನೇ ಅನುಮಾನಪಟ್ಟೆ. ಇದಕ್ಕಿಂತ ಹೆಚ್ಚು ಬರೆಯಲಾರೆ. ಅಮ್ಮನಿಗೆ ಉತ್ತರ ಕಳಿಸಲಿಲ್ಲ. ಏನೆಂದು ಕಳಿಸಲಿ? ನಿಜ ಹೇಳಿದರೆ ಗಂಡುಮಗು ಬೇಡವೆಂದ ಮಗ ನಾನಾಗುತ್ತಿದ್ದೆ. ಹಡಗಿನ ಹೊಟ್ಟೆಯಲ್ಲಿ ಕೂತು ಸುಮ್ಮನಿರುವುದು ಸುಲಭ, ಇಲ್ಲಿ ಎಂಜಿನ್ನಿನ ಸದ್ದಿಗೆ ಯಾರ ಮೌನವೂ ಕೇಳಿಸುವುದಿಲ್ಲ.

ಈಗ ಬಟ್ಟೆ ಮತ್ತೆ ಬಂದಿದೆಯೆಂದರೆ ಸೂಜಿಯ ಬಿಸಿ ಇಳಿದಿರಬೇಕು, ಅಲ್ಲವೇ? ಮೈಯಲ್ಲಿ ರಕ್ತ ಕೂಡಿದೆ ಎಂದೂ ಬರೆದಿದ್ದೆ. ಇಯೋಬಿಯ ಹೆಂಡತಿ ಮೂರನೆಯ ಹೆರಿಗೆಯಲ್ಲಿ ಸತ್ತಳೆಂದೇ ಎಲ್ಲರೂ ಅಂದುಕೊಂಡಿದ್ದರು, ಆಮೇಲೆ ಎರಡು ಹೆತ್ತಳು. ಸೆಪ್ಟೆಂಬರಿನಲ್ಲಿ ನಾನು ಬಂದಾಗ ಇನ್ನೊಂದು ಮಗುವಿನ ಬಗ್ಗೆ ಬೆರೇಟಾಳನ್ನು ಇನ್ನೊಮ್ಮೆ ಕೇಳೋಣ. ಒಂದೇ ಸಲ. ಅಪ್ಪನ ಹೆಸರಿಗೆ. ಕೇಳುವುದರಲ್ಲಿ ತಪ್ಪಿಲ್ಲ.

ನಕಿಬಾಯೆ


ಓನೊಟೋವಾ, ದಕ್ಷಿಣದ ಊರು, ಅಣ್ಣನ ಮನೆ
20 ಮಾರ್ಚ್ 1994

ನಕಿಬಾಯೆ,

ಪತ್ರದ ಮೇಲಿನ ಊರು ನೋಡು. ನಾನು ನಿನ್ನ ಮನೆಯಲ್ಲಿಲ್ಲ. ಮಕ್ಕಳು ಅಲ್ಲಿದ್ದಾರೆ, ಅಜ್ಜಿಯ ಹತ್ತಿರ.

ಹಗ್ಗದ ಮೇಲಿದ್ದ ಬಟ್ಟೆ ನನ್ನದಲ್ಲ. ಮಾರೆವೆಯದು.

ಅಕ್ಟೋಬರಿನ ಒಂದು ಬೆಳಿಗ್ಗೆ ಅವಳು ಬಾವಿಯ ಹತ್ತಿರ ನನ್ನ ಲಂಗ ಹಿಡಿದು ಎಳೆದು, ಏನೂ ಹೇಳದೆ ನಿಂತಳು. ಆ ಹೊತ್ತಿಗೆ ನಿನ್ನ ಅಮ್ಮನನ್ನು ಕೂಗಬೇಕಿತ್ತು. ಮಗಳನ್ನು ಹೊಸ ಚಾಪೆಯ ಮೇಲೆ ಕೂರಿಸಬೇಕಿತ್ತು, ಅಜ್ಜಿ ಅವಳ ಕೈಗೆ ತೆಂಗಿನ ನಾರು ಕೊಡಬೇಕಿತ್ತು. ಮೂರು ದಿನ ಅವಳು ನಾರು ಹೊಸೆಯಬೇಕಿತ್ತು, ನಾವೆಲ್ಲ ಹೊಸೆದ ಹಾಗೆ. ಆ ಮೂರು ದಿನ ಹುಡುಗಿ ಏನು ಮಾಡುತ್ತಾಳೋ ಜೀವಮಾನವಿಡೀ ಅದೇ ಆಗುತ್ತಾಳೆ ಎಂದು ನಂಬಿ ಬೆಳೆದವರು ನಾವು. ಆಮೇಲೆ ಊರಿಗೆ ಊಟ ಹಾಕಬೇಕಿತ್ತು. ನಿನಗೆ ಟೆಲಿಗ್ರಾಂ ಬರಬೇಕಿತ್ತು. ನಾನು ಸುತ್ತ ನೋಡಿದೆ, ಯಾರೂ ಇರಲಿಲ್ಲ. "ಯಾರಿಗೂ ಹೇಳ್ಬೇಡ," ಅಂದೆ. ಅವಳು ಯಾಕೆ ಎಂದು ಕೂಡ ಕೇಳಲಿಲ್ಲ. ಬಟ್ಟೆಯನ್ನು ನಾನೇ ಒಗೆದು ಹಗ್ಗದ ಆ ತುದಿಗೆ ಹಾಕಿದೆ. ತಿಂಗಳುಗಳಿಂದ ಮಾತು ಬಿಟ್ಟಿದ್ದ ನಿನ್ನ ಅಮ್ಮ ಮರುದಿನವೇ ನನ್ನೊಡನೆ ಮಾತಾಡಿದರು.

ಫೆಬ್ರವರಿಯಲ್ಲಿ ಅವಳು ತಾನೇ ಒಗೆಯುವಾಗ ಅಜ್ಜಿ ಕಂಡರು.

"ಯಾರದೇ ಇದು?"

"ನಂದು ಅಜ್ಜಿ."

"ಮೊದಲ್ನೇ ಸಲಾನಾ?" ಎಂದು ಅವರು ನಗುತ್ತಲೇ ಕೈ ಚಾಚಿದರು.

"ಅಲ್ಲ."

ಅವರು ಬಾವಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಆಮೇಲೆ ಅಡುಗೆ ಚಪ್ಪರಕ್ಕೆ ಬಂದು, ಕೂಗದೆ, ಮೆತ್ತಗೆ ಕೇಳಿದರು: "ನನ್ನ ಮೊಮ್ಮಗಳ ಮೊದಲ್ನೇ ರಕ್ತಾನ ಕದ್ದು ನಿನ್ನ ಮಾನ ಮುಚ್ಕೊಂಡ್ಯಾ?"

ಆಗ ಸೂಜಿಯ ಮಾತು ಹೇಳಿದೆ. ಎಲ್ಲ ಹೇಳಿದೆ, ನೀನು ಬೆರಳು ತೋರಿಸಿದ್ದನ್ನೂ.

"ನನ್ನ ಮಗ ಒಪ್ದ ಅಂತೀಯಾ? ಎರಡು ತಿಂಗಳು ನನ್ನ ಕೈಯಡುಗೆ ಉಂಡೋನು ಒಂದು ಮಾತು ಆಡ್ಲಿಲ್ಲ."

"ಒಪ್ಪಿದ್ರು ಅತ್ತೆ. ಬೆರೇಟಾನ ಕೇಳಿ."

"ಬೆರೇಟಾ ನನ್ನ ಹೊಟ್ಟೇಲಿ ಹುಟ್ಟಿಲ್ಲ. ಅವನ ಬಾಯಿಂದ ಬರ್ಲಿ."

"ಬೇರೆ ಏನಾದ್ರೂ ಆಗಿದ್ರೆ ಇಷ್ಟು ಹೊತ್ತಿಗೆ ಹುಟ್ಟಿರ್ತಿತ್ತಲ್ಲ ಅತ್ತೆ?"

"ಬರದ ಹಾಗೆ ಮಾಡೋ ಸೂಜಿ ಇದ್ರೆ ಬಂದದ್ದನ್ನ ತೆಗೆಯೋದೂ ಇರುತ್ತೆ," ಎಂದರು. ನಾನು ನನ್ನ ಗಂಟು ಕಟ್ಟಿದೆ. ಅಣ್ಣ ಸೈಕಲ್ಲಿನಲ್ಲಿ ಬಂದು ಕರೆದುಕೊಂಡು ಹೋದ.

ಈಗ ನಿನ್ನ ಪತ್ರಕ್ಕೆ. ಕೇಳುವುದರಲ್ಲಿ ತಪ್ಪಿಲ್ಲ ಎಂದು ಬರೆದಿದ್ದೀಯ. ಹೋದ ವರ್ಷದ ಹಿಂದಿನ ವರ್ಷ ನಿನಗೆ ಬಂದ ಟೆಲಿಗ್ರಾಂ ಹೀಗಿತ್ತು: "ಮಗು ಉಳಿಯಲಿಲ್ಲ. ತಾಯಿ ಚೆನ್ನಾಗಿದ್ದಾಳೆ." ತಾಯಿ ಹೇಗೆ ಚೆನ್ನಾಗಿದ್ದಳು ಎಂದು ನೀನು ಕೇಳಲೇ ಇಲ್ಲ, ರಜೆಯಲ್ಲಿ ಪಕ್ಕದಲ್ಲಿ ಕೂತಾಗಲೂ. ನಡು ಮಧ್ಯಾಹ್ನ. ರಕ್ತ ಚಾಪೆಯನ್ನು ದಾಟಿ, ಎತ್ತರಿಸಿ ಕಟ್ಟಿದ ನೆಲದ ಕಡ್ಡಿಗಳ ಸಂದಿನಿಂದ ಕೆಳಗಿನ ಮರಳಿಗೆ ಬೀಳುವ ಸದ್ದು ನನಗೆ ಕೇಳುತ್ತಿತ್ತು. ಮಳೆ ಎಂದುಕೊಂಡೆ, ನೀರಿನ ಪಾತ್ರೆ ಹೊರಗಿಡಿ ಎಂದು ಹೇಳಿದೆನಂತೆ. ರಕ್ತ ನಿಲ್ಲಲೆಂದು ಬೆರೇಟಾ ನನ್ನ ಹೊಟ್ಟೆಯ ಮೇಲೆ ತನ್ನ ಇಡೀ ಭಾರ ಹಾಕಿ ಕೂತಿದ್ದಳು. ಆಮೇಲೆ ಆ ಮರಳನ್ನು ನಿನ್ನ ಅಮ್ಮನೇ ತೋಡಿ, ಬುಟ್ಟಿಗಳಲ್ಲಿ ಹೊತ್ತು ಹೊರಗಡಲಿಗೆ ಹಾಕಿ ಬಂದರು. ಅವರೂ ನಾನೂ ಅದರ ಬಗ್ಗೆ ಇಲ್ಲಿಯವರೆಗೆ ಮಾತಾಡಿಲ್ಲ.

ಇನ್ನೊಂದು ಸಲ ಎಂದರೆ ಅದು. ನಿನ್ನ ಅಪ್ಪನ ಹೆಸರಿಗೆ ನಾನು ಸಾಯುವುದಿಲ್ಲ. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ, ನಿಧಾನವಾಗಿ ಬರೆಯುತ್ತಿದ್ದೇನೆ.

ನಿನ್ನ ಬಾಯಿಂದ ಬರಲಿ ಎಂದಿದ್ದಾರೆ. ಸೆಪ್ಟೆಂಬರಿನವರೆಗೆ ಮಕ್ಕಳನ್ನು ಬಿಟ್ಟು ನಾನು ಇರಲಾರೆ.

ಕಬಿರಿಯಾ


ರೇಡಿಯೋದ ಸಂಜೆಯ ಸಂದೇಶಗಳಲ್ಲಿ ಓದಲು
ಹಡಗಿನಿಂದ ತರಾವಾದ ರೇಡಿಯೋ ಕೇಂದ್ರಕ್ಕೆ, 3 ಮೇ 1994

ಓನೊಟೋವಾದ ನೇಯ್ ಟೆವೆಯಾ ಅವರಿಗೆ ಮಗ ನಕಿಬಾಯೆಯಿಂದ. ಅಮ್ಮ, ಸೂಜಿ ಹಾಕಿಸಿದ್ದು ನಾನು. ಇನ್ನು ಮಗು ಬೇಡವೆಂದವನು ನಾನು. ಹಗ್ಗದ ಮೇಲೆ ಬಟ್ಟೆ ಇಲ್ಲದಿರುವುದು ಅದರಿಂದ. ನಿನಗೆ ಹೇಳುವ ಧೈರ್ಯ ನನಗಿರಲಿಲ್ಲ. ಕಬಿರಿಯಾಳನ್ನು ಮನೆಗೆ ಕರೆದುಕೊಂಡು ಬಾ.


ಓನೊಟೋವಾ
22 ಮೇ 1994

ನಕಿಬಾಯೆ,

ಮನೆಯಿಂದ ಬರೆಯುತ್ತಿದ್ದೇನೆ.

ಪಾದ್ರಿಯೊಬ್ಬನಿಗೆ ತಿಳಿಯಬಾರದೆಂದು ಇದ್ದವನು ಇಡೀ ದೇಶಕ್ಕೆ ಹೇಳಿದೆ. ಅಣ್ಣನ ಮನೆಯಲ್ಲಿ ರೇಡಿಯೋದ ಸುತ್ತ ಎಲ್ಲರೂ ಕೂತಿದ್ದೆವು. ಕೊಬ್ಬರಿಯ ಹಡಗು ತಡವಾಗುತ್ತದೆ ಎಂಬ ಸಂದೇಶವಾಯಿತು, ಯಾರದೋ ಮದುವೆಗೆ ಹಂದಿ ಕಳಿಸಿ ಎಂಬುದಾಯಿತು, ಅದರ ಬೆನ್ನಿಗೆ ನಿನ್ನದು. ಓದುವ ಹುಡುಗಿ ನಡುವೆ ಒಮ್ಮೆ ನಿಂತಳು, ಸರಿಯಾಗಿದೆಯೇ ಎಂದು ನೋಡಿಕೊಂಡಿರಬೇಕು. ಅಣ್ಣ, "ನಿನ್ನ ಗಂಡ ಹದಿನಾರು ದ್ವೀಪದ ಮುಂದೆ ಚಡ್ಡಿ ಬಿಚ್ಚಿ ನಿಂತನಲ್ಲೇ," ಎಂದ. ಅತ್ತಿಗೆ, "ಬಾಯ್ಮುಚ್ಚಿ. ನಿಮಗೆ ಅಷ್ಟು ದಮ್ ಇದ್ಯಾ?" ಎಂದಳು. ನಾನು ಎದ್ದು ಒಳಗಡಲಿನ ದಂಡೆಗೆ ಹೋದೆ. ಅಳು ಬರಬಹುದೆಂದುಕೊಂಡೆ, ಬರಲಿಲ್ಲ. ತಡವಾಗಿತ್ತು ಎಂದಷ್ಟೇ ಅನಿಸಿತು.

ಸಭಾಮನೆಯ ಮುದುಕರು ಈಗ ನಿನಗೆ ಇಟ್ಟ ಹೆಸರನ್ನು ನಾನು ಬರೆಯುವುದಿಲ್ಲ. ನೀನು ಬಂದಾಗ ಅವರೇ ಹೇಳುತ್ತಾರೆ.

ಮರುದಿನ ನಿನ್ನ ಅಮ್ಮ ಬಂದರು, ಕೌನ್ಸಿಲಿನ ಲಾರಿಯಲ್ಲಿ, ಭಾನುವಾರದ ಉಡುಪಿನಲ್ಲಿ. ಚಾಪೆ ಹಾಸಿದರೂ ಕೂರಲಿಲ್ಲ. "ಆ ಮರಳು ಹೊತ್ತೋಳು ನಾನು," ಎಂದರು. "ನನಗೇ ಹೇಳಿದ್ರೆ ನಾನು ಬೇಡ ಅಂತಿದ್ನಾ?"

ಅನ್ನುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಿಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ನನ್ನ ಗಂಟನ್ನು ಅವರೇ ಲಾರಿಗೆ ಹಾಕಿದರು.

ಹೋದ ವಾರ ಬೆರೇಟಾಳ ಹತ್ತಿರ ಹೋದೆವು, ಇಬ್ಬರೂ. ಅವಳು ಮತ್ತೆ ಚಾಪೆಯ ಮೇಲೆ ಎಲ್ಲವನ್ನೂ ಹರಡಿದಳು. ವಂಕಿ ಹಾಕಿಸಿಕೊಂಡರೆ ತಿಂಗಳ ರಕ್ತ ತಿರುಗಿ ಬರುತ್ತದೆ, ಹೆಚ್ಚೇ ಬರುತ್ತದೆ ಎಂದಳು. ಊರ ಬಾಯಿ ಮುಚ್ಚಲು ಅದೇ ಸರಿಯೇನೋ ಎಂದು ನಾನು ಅದರ ದಾರವನ್ನು ಮುಟ್ಟಿದೆ. ನಿನ್ನ ಅಮ್ಮ ನನ್ನ ಕೈ ತಳ್ಳಿದರು. "ಮೈಯಲ್ಲಿ ರಕ್ತ ಇಲ್ದೋಳು ರಕ್ತ ಹೋಗೋದನ್ನ ಹಾಕಿಸ್ಕೊಳ್ತೀಯಾ? ಊರೋರಿಗೆ ತೋರ್ಸೋಕಾ?" ಆಮೇಲೆ ಬೆರೇಟಾಳಿಗೆ: "ಸೂಜಿ ಹಾಕಿದ್ರೆ ನಿಂತಿದ್ದು ಎಲ್ಲಿಗೆ ಹೋಗುತ್ತೆ? ತಲೆಗೆ ಏರಲ್ವಾ?"

"ಎಲ್ಲಿಗೂ ಹೋಗಲ್ಲ ನೇಯ್ ಟೆವೆಯಾ. ಕೂಡೋದೇ ಇಲ್ಲ, ಇನ್ನು ಹೋಗೋದೇನು?"

ಸೂಜಿಯನ್ನೇ ಹಾಕಿಸಿಕೊಂಡೆ. ಈ ಸಲ ನಾನೇ ಬೆರಳು ತೋರಿಸಿದೆ. ತೂಕ ಇಳಿಯುವುದಿಲ್ಲ, ಕೆಲವು ಬೆಳಿಗ್ಗೆ ಏನೂ ಬೇಡವೆನಿಸುವುದೂ ಹೋಗದಿರಬಹುದು. ನೀನು ಬಂದಾಗ ನಿನ್ನ ಪಕ್ಕ ಮಲಗಿಯೂ ಹಾಗನಿಸಿದರೆ ಅದು ನಿನ್ನ ಮೇಲಿನ ಮುನಿಸಲ್ಲ. ಮುನಿಸಾಗಿದ್ದರೆ ಹೇಳುತ್ತೇನೆ.

ಕೈತು ನಿನ್ನ ಎರಡು ಮರಗಳಿಗೆ ತಿರುಗಿ ಹತ್ತುತ್ತಿದ್ದಾನೆ. ಹಾಡುವುದಿಲ್ಲ.

ಇನ್ನು ಮಾರೆವೆ. ನಿನ್ನ ಅಮ್ಮ ಈ ತಿಂಗಳು ಅವಳನ್ನು ಹೊಸ ಚಾಪೆಯ ಮೇಲೆ ಕೂರಿಸಿದರು. ಮೊದಲನೆಯದು ಮೊದಲನೆಯದೇ, ಈಗ ಕೂರಿಸಿ ಏನು ಎಂದು ಪಾದ್ರಿಯ ಹೆಂಡತಿ ಅಂದಳಂತೆ. "ನಿನ್ನನ್ನ ಕೇಳ್ದೋರ್ಯಾರು," ಎಂದು ಇವರು ನೆನೆಸಿದ ನಾರನ್ನು ಹುಡುಗಿಯ ಕೈಗೆ ಕೊಟ್ಟರು. ಚೆನ್ನಾಗಿಯೇ ಹೊಸೆದಳು. ಹಗ್ಗ ತೊಡೆಯ ಮೇಲಿಂದ ಇಳಿದು ಚಾಪೆಯ ಅಂಚಿನವರೆಗೆ ಬಂದಿತ್ತು. ಕೊನೆಯ ದಿನ ಅಜ್ಜಿ ಅದನ್ನು ಸುತ್ತುತ್ತಾ ಕೇಳಿದರು:

"ಆಗ ಏನ್ ಮಾಡಿದ್ಯೇ, ಅಕ್ಟೋಬರ್‌ನಲ್ಲಿ, ಆ ಮೂರು ದಿನ?"

"ಸುಮ್ನಿದ್ದೆ ಅಜ್ಜಿ."

"ಸುಮ್ನೆ ಅಂದ್ರೆ? ಏನೂ ಮಾಡ್ಲಿಲ್ವಾ?"

"ಇಲ್ಲ. ಯಾರಿಗೂ ಹೇಳ್ಲಿಲ್ಲ, ಅಷ್ಟೇ."

ನಿನ್ನ ಅಮ್ಮನ ಕೈ ಹಗ್ಗದ ಮೇಲೆ ನಿಂತುಹೋಯಿತು. ಅವರು ನನ್ನನ್ನು ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಆ ಮೂರು ದಿನದ ಮಾತು ಬರೀ ನಂಬಿಕೆ, ಹಾಗೇನೂ ಆಗುವುದಿಲ್ಲ ಎಂದು ಬೆರೇಟಾ ಹೇಳುತ್ತಾಳೆ. ಇರಬಹುದು. ಅಪ್ಪನಿಗೆ ಬರೆಯುತ್ತೀಯಾ ಎಂದು ಕೇಳಿದೆ. ಹೂಂ ಅಂದಳು. ಅವಳಿಗೆಂದು ಹಾಳೆಯ ಕೆಳಗೆ ಜಾಗ ಬಿಟ್ಟಿದ್ದೇನೆ. ಬೆಳಗಿನಿಂದ ಪೆನ್ಸಿಲ್ ಹಿಡಿದು ನನ್ನ ಎದುರಿಗೇ ಕೂತಿದ್ದಾಳೆ, ತುದಿಯನ್ನು ಎರಡು ಸಲ ಹೆರೆದಳು. ಟಪಾಲು ಒಯ್ಯುವ ವಿಮಾನದ ಸದ್ದು ಕೇಳುತ್ತಿದೆ. ಇನ್ನೂ ಏನೂ ಬರೆದಿಲ್ಲ. ಜಾಗವನ್ನು ಹಾಗೆಯೇ ಕಳಿಸುತ್ತಿದ್ದೇನೆ, ಅದನ್ನೂ ಓದಿಕೋ.

ಕಬಿರಿಯಾ